ಅಗಿದು ಉಗುಳಿದ ತುದಿ

ಮಂಜು, ಅವತ್ತು ದಾರ ಕಿತ್ತುಹೋಗಲಿಲ್ಲ. ನಾನು ಹಾಕಿದ ಗಂಟು ಜಾರಿತು. ನಿಮ್ಮಣ್ಣನ ಎಡಗಣ್ಣು ಹೋದದ್ದು ನೀನು ಗಾಳ ಜೋರಾಗಿ ಬೀಸಿದ್ದರಿಂದ ಅಲ್ಲ — ನನ್ನಿಂದ. ಆ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ.

ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೇನೂ ಹಗುರಾಗಿಲ್ಲ. ಕೋಣೆಯಲ್ಲಿ ನಿಮ್ಮಣ್ಣ ಸುಮ್ಮನೆ ಕೆಮ್ಮಿದರೂ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡುತ್ತೇನೆ. ನಿನ್ನ ಎದುರು ನಿಂತು ಹೇಳುವ ಮೊದಲು, ಹೇಳಲು ಬಾಯಿ ಬರುತ್ತದೋ ಇಲ್ಲವೋ ಅಂತ, ಒಂದು ಸಲ ಹೀಗೆ ನನ್ನಷ್ಟಕ್ಕೆ ಹೇಳಿ ನೋಡುತ್ತಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ — ಸೀರೆ ಸೆರಗಿಗೆ ಕುಚ್ಚು ಕಟ್ಟುವುದು. ಹೆಬ್ಬಾಳದ ಈ ಮನೆಗೆ ಮದುವೆ ಸೀರೆಗಳು ಹುಡುಕಿಕೊಂಡು ಬರುತ್ತಿದ್ದವು. ಕಾಲು ಚಾಚಿ ಕೂತು, ಟೀವಿ ನೋಡುತ್ತಲೇ ರೇಷ್ಮೆ ಎಳೆಗಳಿಗೆ ಗಂಟು ಹಾಕುತ್ತಿದ್ದೆ. ನಾನು ಕಟ್ಟಿದ ಕುಚ್ಚು ಬಿಚ್ಚಿತು ಅಂತ ಒಬ್ಬರೂ ವಾಪಸ್ ಬಂದದ್ದಿಲ್ಲ, ಅದರ ಜಂಬ ನನಗಿತ್ತು. ಭಾನುವಾರ ನೀವು ಅಣ್ಣ ತಮ್ಮ ಮೀನು ಹಿಡಿಯಲು ಹೊರಟರೆ ಗಾಳವನ್ನೂ ಸೀಸದ ಗುಂಡನ್ನೂ ತಂಗೂಸಿ ದಾರಕ್ಕೆ ಕಟ್ಟಿಕೊಡುವವಳು ನಾನೇ. ಬುತ್ತಿ ಕಟ್ಟಿಕೊಂಡು ಕೆರೆಗೂ ಬರುತ್ತಿದ್ದೆ. "ಅತ್ತಿಗೆ ಹಾಕಿದ ಗಂಟು ಬಿಚ್ಬೇಕಂದ್ರೆ ಅತ್ತಿಗೇನೇ ಬರ್ಬೇಕು" ಅಂತ ನೀನು ಅಂದರೆ ಉಬ್ಬಿಹೋಗುತ್ತಿದ್ದೆ.

ಆ ವಾರ ನೀನು ಮಂಡಿ ಮೊಹಲ್ಲಾದ ಅಂಗಡಿಯಿಂದ ಹೊಸ ದಾರ ತಂದೆ. ತಂಗೂಸಿಯಂತೆ ಒಂದೇ ಎಳೆಯದಲ್ಲ, ಸಣ್ಣ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದದ್ದು. ಎಷ್ಟು ಎಳೆದರೂ ಕೀಳುವುದಿಲ್ಲ, ಆದರೆ ಬಲು ನುಣುಪು. ಅಂಗಡಿಯವನು ಹೇಳಿದ್ದನ್ನು ನೀನು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ.

"ಅತ್ತಿಗೆ, ಇದಕ್ಕೆ ತಂಗೂಸಿ ಗಂಟು ನಿಲ್ಲಲ್ವಂತೆ. ದಾರ ಜೋಡಿ ಮಾಡ್ಕೊಂಡು ಗುಂಡಿನ ಕಣ್ಣಲ್ಲಿ ತೂರಿಸ್ಬೇಕಂತೆ. ಒಂದು ಗಂಟು ಹಾಕಿ, ಆ ಕುಣಿಕೆ ಒಳಗಿಂದ ಗುಂಡನ್ನೇ ದಾಟಿಸ್ಬೇಕಂತೆ. ಒದ್ದೆ ಮಾಡಿ ನಿಧಾನಕ್ಕೆ ಎಳೀಬೇಕು. ತುದಿ ಒಂಚೂರು ಉದ್ದ ಬುಡ್ಬೇಕಂತೆ."

"ಗಂಟು ಹಾಕೋದು ನಂಗೆ ಹೇಳ್ಕೊಡ್ತೀಯೇನೋ?" ಅಂದೆ. ನಗುತ್ತಲೇ ಅಂದೆ. ಆದರೆ ಒಳಗೆ ಚುರುಕ್ ಅಂದಿತ್ತು — ನೆನ್ನೆ ಮೊನ್ನೆ ಗಾಳ ಹಿಡಿದವನು, ಇವನು ನನಗೆ... ಕೈಗೆ ದಾರ ರೇಷ್ಮೆಯ ಹಾಗೇ ಹತ್ತಿತು. ರೇಷ್ಮೆ ನನಗೆ ಗೊತ್ತಿಲ್ಲವೇ ಅಂದುಕೊಂಡು ಕುಚ್ಚಿನ ಗಂಟನ್ನೇ ಹಾಕಿದೆ. ಮಿಕ್ಕ ತುದಿಯನ್ನು, ಕುಚ್ಚಿಗೆ ಮಾಡುವಂತೆ, ಬುಡಕ್ಕೇ ಕತ್ತರಿಸಿದೆ, ಅಂದವಾಗಿ ಕಾಣಲಿ ಅಂತ. ಕೆರೆಯಲ್ಲಿ ಮುಳುಗುವ ಗುಂಡಿನ ಅಂದವನ್ನು ಯಾರು ನೋಡಬೇಕಿತ್ತು ಮಂಜು?

"ಹೇಳ್ದಂಗೇ ಹಾಕಿದ್ರಾ?" ಅಂತ ನೀನು ಕೇಳಿದೆ. ಹೂಂ ಅಂದೆ.

ಮಂಡಕಳ್ಳಿ ದಾಟಿ ಹೋದರೆ ಸಿಗುವ ಆ ಕೆರೆಗೆ ನಾನು ಮತ್ತೆ ಹೋಗಿಲ್ಲ. ನಿಮ್ಮಣ್ಣ ನೀರಿನ ಅಂಚಿಗೆ ಇಳಿದು ಮೀನಿನ ಚೀಲವನ್ನು ಕಲ್ಲಿಗೆ ಕಟ್ಟುತ್ತಿದ್ದರು. ನೀನು ಅವರಿಂದ ದೂರ ಸರಿದು ನಿಂತೇ ಕೋಲು ಬೀಸಿದೆ. ಇದನ್ನು ಸ್ಪಷ್ಟವಾಗಿ ಹೇಳಬೇಕು — ನೀನು ನಿಲ್ಲಬೇಕಾದಲ್ಲೇ ನಿಂತಿದ್ದೆ, ಬೀಸಬೇಕಾದಷ್ಟೇ ಬೀಸಿದೆ. ಗುಂಡು ದಾರದಿಂದ ಕಳಚಿ ಪಕ್ಕಕ್ಕೆ ಹಾರಿತು, ನೀರಿಗೆ ಬೀಳಲಿಲ್ಲ. ಪಟ್ ಅಂತ ಸಣ್ಣ ಸದ್ದು, ಅಷ್ಟೇ. ಅವರು ಕೂಗಲೂ ಇಲ್ಲ. ಮುಖ ಮುಚ್ಚಿಕೊಂಡು ಕುಸಿದರು, ಬೆರಳ ಸಂದಿಯಿಂದ ರಕ್ತ...

ಅವರನ್ನು ದಡಕ್ಕೆ ಎಳೆದು ತಂದು ನೀನು ಆಟೋ ಹುಡುಕಲು ರಸ್ತೆಗೆ ಓಡಿದೆ. ನಾನು ಸೆರಗಿನಿಂದ ಅವರ ಕಣ್ಣು ಒತ್ತಿ ಹಿಡಿದು ಕೂತಿದ್ದೆ. ನೀನು ಬಿಸಾಕಿದ ಕೋಲು ನನ್ನ ಕಾಲ ಬಳಿಯೇ ಇತ್ತು, ದಾರದ ತುದಿ ಕಣ್ಣಿಗೆ ಬಿತ್ತು. ಕಿತ್ತುಹೋದ ದಾರದ ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಗಂಟಿನಿಂದ ಜಾರಿದ್ದು ಹಾಗಲ್ಲ, ಗಂಟಿನೊಳಗೆ ಸುತ್ತಿಕೊಂಡಿದ್ದ ಸುರುಳಿ ಹಾಗೇ ಉಳಿದಿರುತ್ತದೆ. ಕುಚ್ಚು ಕಟ್ಟಿ ಬಿಚ್ಚುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ತುದಿ ಎಳೆಮಗುವಿನ ಗುಂಗುರು ಕೂದಲಿನಂತೆ ಸುರುಳಿಯಾಗಿತ್ತು.

ಒಂದು ಕೈ ಅವರ ಕಣ್ಣಿನ ಮೇಲೆ. ಇನ್ನೊಂದು ಕೈಯಿಂದ ಆ ತುದಿಯನ್ನು ಬಾಯಿಗಿಟ್ಟು ಕಚ್ಚಿದೆ. ಅದೋ ಸುಲಭಕ್ಕೆ ತುಂಡಾಗುವ ದಾರವಲ್ಲ. ದವಡೆಗೆ ಕೊಟ್ಟು ಅಗಿದೆ, ಮತ್ತೆ ಅಗಿದೆ. ಗಂಡ ತೊಡೆಯ ಮೇಲೆ ನರಳುತ್ತಿದ್ದಾರೆ, ನಾನು ದಾರ ಅಗಿಯುತ್ತಿದ್ದೇನೆ — ಇದಕ್ಕಿಂತ ಕೆಟ್ಟದ್ದನ್ನು ನನ್ನ ಬಗ್ಗೆ ನಾನು ಹೇಳಲಾರೆ. ಸುರುಳಿಯನ್ನು ನೀರಿಗೆ ಉಗುಳಿದೆ. ಉಳಿದ ತುದಿ ಹಲ್ಲಿಗೆ ಸಿಕ್ಕಿ ಎಳೆ ಎಳೆಯಾಗಿತ್ತು, ಕಿತ್ತುಹೋದದ್ದರಂತೆಯೇ ಕಾಣುತ್ತಿತ್ತು.

ನೀನು ಏದುಸಿರು ಬಿಡುತ್ತಾ ಬಂದೆ. "ಏನಾಯ್ತು ಅತ್ತಿಗೆ? ಗಂಟು ಬಿಚ್ಕೊತಾ?"

"ಗಂಟಲ್ಲ ಕಣೋ. ದಾರಾನೇ ಕಿತ್ತೋಯ್ತು. ಅಷ್ಟು ಜೋರಾಗಿ ಬೀಸ್ಬುಟ್ಟೆಯಲ್ಲೋ..."

ನೀನು ದಾರದ ತುದಿ ನೋಡಿದೆ. ನಿನ್ನ ಕೈ ನೋಡಿಕೊಂಡೆ. ನಂಬಿದೆ.

"ಬುಡೋ, ಬೇಕಂತ ಮಾಡಿದ್ಯಾ?" ಅಂತ ನಿಮ್ಮಣ್ಣ ಆಸ್ಪತ್ರೆಯಲ್ಲೇ ನಿನ್ನನ್ನು ಕ್ಷಮಿಸಿದರು. ನೀನು ಮಾಡದೇ ಇದ್ದದ್ದಕ್ಕೆ ಅವರು ಕ್ಷಮಿಸುತ್ತಿದ್ದರು, ನಾನು ಮಂಚದ ಪಕ್ಕ ನಿಂತು ಕೇಳುತ್ತಿದ್ದೆ. ಫ್ಯಾಕ್ಟರಿಯವರು ಅವರನ್ನು ಮಿಷಿನ್ನಿನಿಂದ ತೆಗೆದು ಗೇಟು ಕಾಯಲು ಹಾಕಿದ ವಾರವೇ ನೀನು ಗಂಟುಮೂಟೆ ಕಟ್ಟಿಕೊಂಡು ಬೇರೆ ರೂಮು ಮಾಡಿದೆ. ಹಬ್ಬಕ್ಕೆ ಬಂದರೂ ಅಣ್ಣನ ಮುಖ ನೋಡದೆ ಉಂಡು ಹೋಗುತ್ತೀಯ. ಮೊದಲು ನನಗಿದ್ದದ್ದು ಗಂಟಿನ ಭಯ. ಆಮೇಲೆ ಸುಳ್ಳಿನ ಭಯ, ಅದು ಗಂಟಿನದಕ್ಕಿಂತ ದೊಡ್ಡದು. ದಿನ ಕಳೆದಷ್ಟೂ ಅದು ಬೆಳೆಯಿತು, ಬಾಯಿ ಇನ್ನಷ್ಟು ಕಟ್ಟಿತು.

ಮೊನ್ನೆ ನಿಮ್ಮಣ್ಣ ಮೊಬೈಲಿನಲ್ಲಿ ಗಂಟು ಹಾಕುವ ವಿಡಿಯೋ ನೋಡುತ್ತಿದ್ದರು, ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು, ತಲೆ ಓರೆ ಮಾಡಿಕೊಂಡು. "ನೋಡಿಲ್ಲಿ, ಈ ದಾರ ಸುಮ್‌ಸುಮ್ನೆ ಕೀಳಲ್ವಂತೆ ಕಣೇ. ಗಂಟೇ ಜಾರೋದಂತೆ" ಅಂದರು. ಅನ್ನ ಬಸಿಯುತ್ತಿದ್ದ ನನ್ನ ಕೈಯಿಂದ ತಟ್ಟೆ ಬಿತ್ತು. ಅವರು ತಿರುಗಿ ನೋಡಿದರು. ಏನೂ ಕೇಳಲಿಲ್ಲ — ಗೊತ್ತಾಗದೆ ಕೇಳಲಿಲ್ಲವೋ, ಗೊತ್ತಾಗಿಯೇ ಕೇಳಲಿಲ್ಲವೋ... ಆಗಿನಿಂದ ಅವರ ಎದುರು ಕೂತು ಊಟ ಮಾಡಲು ಹೆದರುತ್ತಿದ್ದೇನೆ.

ಅದೇ ಸಂಜೆ ಅವರೇ ನಿನಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿ, ಖುಷಿಯಿಂದ ಒಳಗೆ ಬಂದರು. "ಭಾನುವಾರ ಮಂಜ ಬತ್ತಾನಂತೆ, ಕೆರೆಗೆ ಹೋಗಾನ ಅಂದ. ಒಂದೇ ಕಂಡೀಷನ್ನಂತೆ, ಗಂಟು ಮಾತ್ರ ಅತ್ತಿಗೇನೇ ಹಾಕ್ಬೇಕಂತೆ."

ಇವತ್ತು ಹೊಸ ದಾರ ತಂದು ಕಿಟಕಿಯಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲಿ ಸೀಸದ ಗುಂಡು. ಅದನ್ನು ಕಂಡರೇ ನನ್ನ ಹಲ್ಲು ಜುಮ್ಮೆನ್ನುತ್ತದೆ. ಯಾರೂ ಇಲ್ಲದಾಗ ನೀನು ಹೇಳಿದ ಹಾಗೆ ಜೋಡಿ ಮಾಡಿ, ತೂರಿಸಿ, ದಾಟಿಸಿ, ಒದ್ದೆ ಮಾಡಿ ಎಳೆದೆ. ಕಿಟಕಿಯ ಸರಳಿಗೆ ಸಿಕ್ಕಿಸಿ ಮೈಭಾರ ಬಿಟ್ಟು ಜಗ್ಗಿದೆ. ನಿಂತಿತು. ಅಷ್ಟು ಸುಲಭದ ಗಂಟು ಅದು, ಅವತ್ತೇ ಹಾಕಬಹುದಿತ್ತು. ಕೂತು ಅತ್ತು, ಅದನ್ನು ಕತ್ತರಿಸಿ ತೆಗೆದೆ.

ಭಾನುವಾರ ದಾರ, ಗುಂಡು ಎರಡನ್ನೂ ಬೇರೆ ಬೇರೆಯಾಗಿಯೇ ನಿನ್ನ ಮುಂದೆ ಇಡುತ್ತೇನೆ. ನಿಮ್ಮಣ್ಣನನ್ನೂ ಅಲ್ಲೇ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ಅಗಿದದ್ದನ್ನೂ ಬಿಡದೆ. ಆಮೇಲೆ, ನೀನು ಎದ್ದು ಹೋಗದೆ ಕೂತಿದ್ದರೆ — ಆ ಗಂಟನ್ನು ಇನ್ನೊಂದು ಸಲ ಹೇಳಿಕೊಡು. ಈ ಸಲ ಕೇಳುತ್ತೇನೆ.