ಸಂಘ ಬಿಟ್ಟ ಗಾಡಿ ಏರು ಹತ್ತಿದ ದಿನ

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಹಿಂದಿನ ಮಾತು. ಆಗ ನಾನು ಕೆಲಮಂಗಲದಲ್ಲಿದ್ದುಕೊಂಡು ಬೆಂಗಳೂರಿನ ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಸಂತೆ, ಮಳೆ, ಕಳವು, ಸಭೆ, ಇಷ್ಟೇ. ಆ ಸಲ ಸುದ್ದಿ ನಮ್ಮ ಮನೆಯೊಳಗೇ ಹುಟ್ಟಿತು. ನನ್ನ ಅಕ್ಕನ ಗಂಡ ಮುನಿವೆಂಕಟಪ್ಪನವರು ಗಾಡಿಯವರ ಸಂಘ ಬಿಟ್ಟುಬಿಟ್ಟರು.

ಸಂಘ ಹುಟ್ಟಿದ್ದು ಯುದ್ಧದ ಕಾಲದಲ್ಲಿ. ಮಂಡಿಯವರು ಮನಸ್ಸಿಗೆ ಬಂದಂತೆ ಬಾಡಿಗೆ ಇಳಿಸದಿರಲಿ ಎಂದು ಎತ್ತಿನ ಗಾಡಿಯವರೆಲ್ಲ ಒಂದಾಗಿ ದರ ಕಟ್ಟಿದ್ದರು. ಅದಕ್ಕೆ ಓಡಾಡಿದವರಲ್ಲಿ ಭಾವನೂ ಒಬ್ಬರು. ಆಮೇಲೆ ಸಂಘ ಒಂದು ಪಕ್ಷದ ಜೊತೆ ಸೇರಿತು. ಗಾಡಿಗೆ ಪಕ್ಷದ ಬಾವುಟ ಕಟ್ಟಬೇಕು, ಕರೆದಾಗ ಮೆರವಣಿಗೆಗೆ ಬರಬೇಕು ಎಂದಾಯಿತು. "ಬಾಡಿಗೆ ವಿಸಯಕ್ಕೆ ಒಂದಾಗಾನ. ಬಾವುಟ ಅವರವರ ಇಷ್ಟ" ಎಂದು ಭಾವ ಸಭೆಯಿಂದ ಎದ್ದು ಬಂದರು. ಸಂಘದವರೂ ಸುಮ್ಮನಿರಲಿಲ್ಲ. ಬಿಟ್ಟು ಹೋದವರ ಗಾಡಿಗೆ ಏರಿನಲ್ಲಿ ಯಾರೂ ಎತ್ತು ಕೊಡಕೂಡದು ಎಂದು ತೀರ್ಮಾನ ಮಾಡಿದರು.

ಇದು ಸಣ್ಣ ಶಿಕ್ಷೆಯಲ್ಲ. ಕೃಷ್ಣಗಿರಿಯಿಂದ ಉಪ್ಪು ಹೇರಿಕೊಂಡು ಬರುವಾಗ ರಾಯಕೋಟೆ ದಾಟಿದ ಮೇಲೆ ಒಂದು ಏರು ಸಿಗುತ್ತದೆ. ತುಂಬಿದ ಗಾಡಿಯನ್ನು ಒಂದೇ ಜೋಡಿ ಎಳೆಯಲಾರದು. ಹಿಂದಿನ ಗಾಡಿಯ ಎತ್ತು ಬಿಚ್ಚಿ ಮುಂದಿನದಕ್ಕೆ ಕಟ್ಟಿ ಹತ್ತಿಸುವುದು, ಆಮೇಲೆ ಎರಡು ಜೋಡಿಯೂ ಕೆಳಗಿಳಿದು ಬಂದು ಹಿಂದಿನದನ್ನು ಹತ್ತಿಸುವುದು ಅಲ್ಲಿನ ರೂಢಿ.

ಊರಿನಲ್ಲಿ ಬೇರೆ ಮಾತೇ ಇಲ್ಲವಾಯಿತು. "ಉಪ್ಪೆಲ್ಲ ಏರಿನಾಗೇ ಸುರಿದುಬುಟ್ಟು ಬತ್ತಾನೆ, ನೋಡ್ತಿರಿ" ಎಂದ ಕ್ಷೌರದ ನರಸಿಂಹ. ಕಾಫಿ ಹೋಟೆಲಿನಲ್ಲಿ ಒಬ್ಬರು, "ಬಾವುಟ ಏನು ಎತ್ತಿಗೆ ಭಾರವಾ? ಕಟ್ಕಂಡಿದ್ರೆ ಆಗ್ತಿತ್ತು" ಎಂದರು. ಬಾವಿಕಟ್ಟೆಯ ಹೆಂಗಸರು ಭಾವನ ಗಟ್ಟಿತನವನ್ನು ಹೊಗಳಿ, ಅದೇ ಉಸಿರಿಗೆ ನನ್ನ ಅಕ್ಕನನ್ನು ಕಂಡು ಅಯ್ಯೋ ಎಂದರು. ಮಂಡಿ ಸಾಹುಕಾರರಿಗೆ ಮಾತ್ರ ಒಳಗೊಳಗೇ ಖುಷಿ. "ಬರಲಿ, ಬರಲಿ. ಒಂಟಿಯಾಗಿ ಬಂದೋನ ಹತ್ರ ಮಾತು ಸಲೀಸು" ಎಂದರು.

ಎಲ್ಲಕ್ಕಿಂತ ಕೆಟ್ಟ ಮಾತು ಬಂದದ್ದು ಗಾಲಿ ಮಾಡುವ ಬಡಗಿಯಿಂದ. "ಸಂಘದೋರು ಕಡಾಣಿ ಕಿತ್ತುಬುಡ್ತಾರಂತೆ" ಎಂದು ಪಿಸುಗುಟ್ಟಿದ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕಬ್ಬಿಣದ ಕೀಲೇ ಕಡಾಣಿ. ಏರಿನಲ್ಲಿ ಅದು ಹೋದರೆ ಗಾಡಿ ಆಳನ್ನೂ ಎತ್ತನ್ನೂ ಎಳೆದುಕೊಂಡೇ ಉರುಳುತ್ತದೆ. ಈ ಮಾತು ಅಕ್ಕನ ಕಿವಿಗೂ ಬಿತ್ತು. "ನೀನೂ ಜೊತೆಗೆ ಹೋಗಪ್ಪ. ಪೇಪರಿಗೆ ಬರೆಯೋನು ಇದ್ರೆ ಕೈ ಮಾಡಾಕೆ ಹೆದರ್ತಾರೆ" ಎಂದಳು.

ಹೋದೆ. ಕೃಷ್ಣಗಿರಿಯಲ್ಲಿ ಉಪ್ಪು ಹೇರಿಕೊಂಡು, ಮಾರನೆಯ ದಿನ ಹೊತ್ತೇರುವ ವೇಳೆಗೆ ಏರಿನ ಬುಡಕ್ಕೆ ಬಂದೆವು. ಬಾವುಟ ಕಟ್ಟಿದ ಗಾಡಿಗಳು ಸಾಲಾಗಿ ನಿಂತಿದ್ದವು. ಭಾವ ಯಾರ ಕಡೆಗೂ ನೋಡದೆ ಮೂಟೆ ಇಳಿಸತೊಡಗಿದರು. ಅರ್ಧ ಹೊರೆ ಮೇಲೆ ಬಿಟ್ಟು ಬಂದು, ಇನ್ನರ್ಧ ಒಯ್ಯುವ ಯೋಚನೆ.

ಆಗ ಸಂಘದ ಯಜಮಾನ ತಿಮ್ಮರಾಯಣ್ಣ ಎದ್ದು ಬಂದ. ದಪ್ಪ ಮೀಸೆಯ ಆಳು. ಮಾತಿಲ್ಲ, ಕತೆಯಿಲ್ಲ, ನೆಟ್ಟಗೆ ನಮ್ಮ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅಚ್ಚಿಗೆ ಕೈ ಹಾಕಿದ. ಭಾವ ಮೂಟೆ ಕೆಡವಿ ಬಾರುಕೋಲು ಹಿಡಿದರು.

"ಏನ್ಲಾ ಹಂಗ್ ನೋಡ್ತೀಯ? ಕಡಾಣಿ ಅರ್ಧ ಆಚೆಗೆ ಬಂದೈತೆ. ಇದನ್ನ ನೋಡ್ಕಳದೆ ಅಲ್ಲಿಂದ ಬಂದಿದೀಯಲ್ಲೋ! ಸಂಘ ಬಿಟ್ಟೋನು ಬುದ್ಧೀನೂ ಅಲ್ಲೇ ಬಿಟ್ಬಂದ್ಯಾ?" ಎಂದು ಬಯ್ಯುತ್ತಲೇ ಒಂದು ಕಲ್ಲು ತೆಗೆದುಕೊಂಡು ಕೀಲನ್ನು ಬಡಿದು ಕೂರಿಸಿದ.

ಭಾವ ಬಾರುಕೋಲು ಇಳಿಸಿದರು. "ಬಡಿದ್ಯಲ್ಲ, ಸಾಕು ಕಣಣ್ಣ. ನೀನು ಹೋಗು. ನಾನು ಎರಡು ಸಲ ಹತ್ತಿಸ್ಕಂತೀನಿ."

"ಹತ್ತಿಸ್ಕಂಡೆ! ಉಪ್ಪು ಕರಗೋ ಹೊತ್ತಿಗೆ." ತಿಮ್ಮರಾಯಣ್ಣ ಎದ್ದು ತನ್ನವರ ಕಡೆ ತಿರುಗಿದ. "ಕೇಳ್ರಪ್ಪ. ಸಂಘದ ಲೆಕ್ಕದಾಗೆ ಇವನಿಗೆ ಎತ್ತು ಕೊಡಂಗಿಲ್ಲ. ಆ ತೀರ್ಮಾನ ಮಾಡಿದೋನು ನಾನೇ. ಆದ್ರೆ ಹೋದ ಮಳೆಗಾಲದಾಗೆ ಇವನ ಎತ್ತು ನನ್ನ ಗಾಡೀನ ಕೆಸರಿಂದ ಎಳೆದವೆ. ಆ ಮುಯ್ಯಿ ತೀರಿಲ್ಲ. ಮುಯ್ಯಿ ನಮ್ಮ ಸಂಘಕ್ಕಿಂತ ಹಳೇದು."

ನಮ್ಮ ಕಡೆ ಹೊಲದ ಕೆಲಸಕ್ಕೂ ಗಾಡಿಗೂ ಒಬ್ಬರು ನೆರವಾದರೆ ಮತ್ತೊಬ್ಬರು ತಿರುಗಿ ನೆರವಾಗುವುದಕ್ಕೆ ಮುಯ್ಯಿ ಎನ್ನುತ್ತಾರೆ. ಅದನ್ನು ತೀರಿಸದೆ ಉಳಿಸಿಕೊಂಡವನ ಮನೆಗೆ ನಾಟಿಗೂ ಯಾರೂ ಹೋಗುವುದಿಲ್ಲ. ಸಾಲಿನಲ್ಲಿದ್ದವರಿಗೆ ಒಂದು ದಾರಿ ಸಿಕ್ಕಂತಾಯಿತು. "ನಂದೂ ಒಂದ್ ಮುಯ್ಯಿ ಐತೆ" ಎಂದು ಒಬ್ಬ, ಇಳಿಸಿದ್ದ ಮೂಟೆಯನ್ನು ಮತ್ತೆ ಗಾಡಿಗೇರಿಸಲು ಹೆಗಲು ಕೊಟ್ಟ. ಪಿಳ್ಳಪ್ಪನೆಂಬ ಹೊಸಬನೂ ಓಡಿ ಬಂದ.

"ನೀನ್ಯಾವಾಗ್ಲಾ ಇವನ ಹತ್ರ ಎತ್ತು ತಕ್ಕಂಡಿದ್ದೆ? ನೀನು ಗಾಡಿ ಕಟ್ಟಿದ್ದೇ ಮೊನ್ನೆ!" ಎಂದು ತಿಮ್ಮರಾಯಣ್ಣ ಗದರಿದ.

"ಮುಂದಕ್ಕೆ ತಕ್ಕಂತೀನಿ ಬುಡಣ್ಣ!"

ಎಲ್ಲರೂ ನಕ್ಕರು. ಭಾವನೂ ನಕ್ಕರು. ಆ ವಾರದಲ್ಲಿ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ಮುಂದೆ ತಿಮ್ಮರಾಯಣ್ಣನ ಜೋಡಿ, ಹಿಂದೆ ನಮ್ಮದು. ಗಾಡಿ ಒಂದೇ ಸಲಕ್ಕೆ ಮೇಲೆ ಹತ್ತಿತು. ಹತ್ತಿದ ಕೂಡಲೇ ಭಾವ ನಮ್ಮ ಎತ್ತುಗಳನ್ನು ಬಿಚ್ಚಿಕೊಂಡು, ಬಾವುಟದ ಗಾಡಿಗಳನ್ನು ಎಳೆಯಲು ಕೆಳಗಿಳಿದರು. ಯಾರೂ ಕರೆದಿರಲಿಲ್ಲ.

ಊರಿನ ಮಾತು ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಮಂಡಿಯವರು ಭಾವನಿಗೆ ಬಾಡಿಗೆ ಇಳಿಸಿಯೇ ಕೊಟ್ಟರು. ಭಾವ ಸಂಘಕ್ಕೆ ಮತ್ತೆ ಸೇರಲಿಲ್ಲ, ತೀರ್ಮಾನವನ್ನು ಸಂಘವೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಏರಿನ ಬುಡದಲ್ಲಿ ಯಾರಿಗಾದರೂ ಯಾವುದೋ ಒಂದು ಮುಯ್ಯಿ ನೆನಪಾಗುತ್ತಲೇ ಇತ್ತು. "ನಾನು ಆವತ್ತೇ ಹೇಳಿರಲಿಲ್ವಾ, ತಿಮ್ಮರಾಯ ಅಂಥೋನಲ್ಲ ಅಂತ!" ಎಂದು ನರಸಿಂಹ ನನ್ನ ಗಡ್ಡ ಹೆರೆಯುತ್ತ ಹೇಳಿದಾಗ, ಕತ್ತಿ ಕುತ್ತಿಗೆಯ ಮೇಲಿದ್ದುದರಿಂದ ನಾನು ಸುಮ್ಮನಿದ್ದೆ.

ಮುಂದೆ ಪತ್ರಿಕೆಯ ಕೆಲಸದಲ್ಲಿ "ಜನರ ಅಭಿಪ್ರಾಯ ಕೇಳಿ ಬರೆಯಿರಿ" ಎಂದು ಎಷ್ಟೋ ಸಲ ನನ್ನನ್ನು ಕಳಿಸಿದ್ದಾರೆ. ಕೇಳಿ ಬರೆದಿದ್ದೇನೆ. ಬರೆಯುವಾಗಲೆಲ್ಲ ಗಾಡಿಯ ಅಚ್ಚಿನ ಕಡೆಗೆ ಚಾಚಿದ ತಿಮ್ಮರಾಯಣ್ಣನ ಆ ಕೈ ಕಣ್ಣ ಮುಂದೆ ಬರುತ್ತದೆ.

ಅಂದು ಗಾಡಿ ಮನೆ ಮುಂದೆ ನಿಂತಾಗ ಅಕ್ಕ ಹೊರಗೆ ಬಂದವಳು ಗಂಡನ ಮುಖ ನೋಡಲಿಲ್ಲ. ಮೊದಲು ಆ ಕಡೆಯ ಗಾಲಿ, ಆಮೇಲೆ ಈ ಕಡೆಯ ಗಾಲಿ, ಎರಡರ ಕಡಾಣಿಯನ್ನೂ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಒಲೆ ಹೊತ್ತಿಸಿದಳು.