ಬೆರಳು ಡಾಕ್ಟ್ರು ಹಾಕಿಸಿದ ಜಾಲರಿ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ‘ಬೆರಳು ಡಾಕ್ಟ್ರು’ ಎಂದು. ಹೊಲಿಗೆ ಹಾಕುವುದು ಅವರ ಕೆಲಸವಲ್ಲ. ಹೊಲಿಗೆ ಮುಗಿದ ಮೇಲೆ ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು ಕೇಳುತ್ತಿದ್ದರು: ಯಾವ ಕೈ, ಯಾವ ಯಂತ್ರ, ಪಾಳಿ ಶುರುವಾಗಿ ಎಷ್ಟು ಹೊತ್ತಾಗಿತ್ತು. ಹನ್ನೊಂದು ವರ್ಷ ಹೀಗೆ ಕೇಳಿ ಬರೆದಿಟ್ಟರು. ಮನೆಯಲ್ಲಿ ಅತ್ತೆ ತಟ್ಟೆ ಮುಚ್ಚಿಟ್ಟು ಕಾದು ಸಾಕಾಗಿ, “ಊರವರ ಬೆರಳೆಲ್ಲ ಎಣಿಸಿದ್ದಾಯ್ತಲ್ಲ, ನಿನ್ನ ಬೆರಳು ತಟ್ಟೆಗೆ ಯಾವಾಗ ಬರುತ್ತಮ್ಮಾ?” ಎನ್ನುತ್ತಿದ್ದರು.

ಅರ್ಧಕ್ಕಿಂತ ಹೆಚ್ಚು ಬೆರಳುಗಳು ಹೋಗಿದ್ದು ತಗಡು ಒತ್ತುವ ಪ್ರೆಸ್ಸುಗಳಲ್ಲಿ. ಅದಕ್ಕೆ ಎರಡು ಗುಂಡಿ. ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಹಾಗಿದ್ದ ಮೇಲೆ ಕೈ ಒಳಗೆ ಹೋಗಿದ್ದು ಹೇಗೆ? ಕಾರ್ಖಾನೆಯವರ ಕಾಗದದಲ್ಲಿ ಪ್ರತಿ ಸಲವೂ ‘ಅಜಾಗರೂಕತೆ’ ಎಂದಿರುತ್ತಿತ್ತು. ಕೊನೆಗೆ ತೋರುಬೆರಳು ಕಳೆದುಕೊಂಡ ಒಬ್ಬಾಕೆ ಬಾಯಿ ಬಿಟ್ಟಳು. “ಎರಡು ಕೈಲೂ ಒತ್ತಿದ್ರೆ ಅವರು ಹೇಳಿದಷ್ಟು ಪೀಸು ಬರಲ್ಲ ಡಾಕ್ಟ್ರೇ. ಒಂದು ಗುಂಡಿ ಒತ್ತಿಕೊಂಡೇ ಇರೋ ಹಾಗೆ ತಂತಿ ಕಟ್ಟಿಬಿಡ್ತೀವಿ. ಮೇಸ್ತ್ರಿಗೂ ಗೊತ್ತು.”

ಡಾಕ್ಟ್ರು ಅದನ್ನೆಲ್ಲ ಬರೆದು ಸಭೆಗಳಲ್ಲಿ ಓದಿದರು. ಚಪ್ಪಾಳೆ ಬಿತ್ತು. ಅಧಿಕಾರಿಗಳು ‘ಎಚ್ಚರದಿಂದ ದುಡಿಯಿರಿ’ ಎಂಬ ಬೋರ್ಡು ಮಾಡಿಸಿ ಎಲ್ಲ ಗೋಡೆಗೂ ಹೊಡೆಸಿದರು. ಪೀಸಿನ ಲೆಕ್ಕದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಪಾತ್ರೆಯ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದ. ಡಾಕ್ಟ್ರ ಮಾತು ಕೇಳಿ ಅವನೇ ಒಂದು ಜಾಲರಿ ಮಾಡಿದ. ಅಚ್ಚಿಗಿಂತ ಮೊದಲು ಅದು ಇಳಿಯುತ್ತದೆ, ಕೈ ಅಡ್ಡವಿದ್ದರೆ ಯಂತ್ರ ನಿಲ್ಲುತ್ತದೆ, ಕೆಲಸವೂ ನಿಧಾನವಾಗುವುದಿಲ್ಲ. ಹನ್ನೆರಡು ಪ್ರೆಸ್ಸಿಗೂ ಹಾಕಲು ಮ್ಯಾನೇಜರ್ ಒಪ್ಪಿದರು. ಡಾಕ್ಟ್ರು ವಾರವಾರವೂ ಹೋಗಿ ನೋಡಿದರು. ಹಿಂದಿನ ವರ್ಷ ಅಲ್ಲಿ ಒಂಬತ್ತು ಜನರ ಕೈಗೆ ಪೆಟ್ಟಾಗಿತ್ತು. ಈಗ ಎಂಟು ತಿಂಗಳು ಒಂದು ಗೀರೂ ಇಲ್ಲ.

“ಏನೂ ಆಗ್ಲಿಲ್ಲ ಅಂತ ಇಷ್ಟು ಖುಷಿನಾ?” ಎಂದರು ಅತ್ತೆ.

“ಏನೂ ಆಗದೇ ಇರೋದೇ ಅತ್ತೆ ನನ್ನ ಕೆಲಸ.”

ಒಂಬತ್ತನೆಯ ತಿಂಗಳಲ್ಲಿ ಮ್ಯಾನೇಜರ್ ಬದಲಾದರು. ಡಾಕ್ಟ್ರು ಹೋದಾಗ ಹನ್ನೆರಡು ಜಾಲರಿಗಳೂ ಗುಜರಿ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹೊಸಬರು ಮರ್ಯಾದೆಯಿಂದ ಕುರ್ಚಿ ಕೊಟ್ಟರು.

“ಎಂಟು ತಿಂಗಳಿಂದ ಯಾರಿಗೂ ಏನೂ ಆಗಿಲ್ಲ ಮೇಡಂ. ಇನ್ನು ಇವು ಯಾಕೆ? ಅಚ್ಚು ಬದಲಾಯಿಸೋಕೆ ಅಡ್ಡ ಬರ್ತಿದ್ವು.”

“ಇವು ಇದ್ದದ್ದಕ್ಕೇ ಏನೂ ಆಗಿಲ್ಲ ಸ್ವಾಮಿ,” ಎಂದರು ಡಾಕ್ಟ್ರು.

ಆಗದೇ ಇದ್ದದ್ದಕ್ಕೆ ಸಾಕ್ಷಿ ಏನು ಎಂದು ಆತ ನಗುನಗುತ್ತಲೇ ಕೇಳಿದರು. ಡಾಕ್ಟ್ರು ಎರಡೂ ವರ್ಷದ ಅಂಕಿಗಳನ್ನು ಮುಂದಿಟ್ಟರು. ಮೇಲಿನವರಿಗೆ ಕಳಿಸುತ್ತೇನೆ ಎಂದು ಆತ ಕಾಗದವನ್ನು ಕಡತದೊಳಗೆ ಸೇರಿಸಿದರು.

ಹತ್ತೊಂಬತ್ತು ದಿನ ಕಳೆಯಿತು. ಬೆಳಗಿನ ಪಾಳಿಯ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ತಂದರು. ಎರಡು ಬೆರಳು ಹೋಗಿದ್ದವು. ಜಾಲರಿ ಹಾಕಿದ ದಿನ ಡಾಕ್ಟ್ರಿಗೆ ಕೈ ಮುಗಿದಿದ್ದವಳು ಅವಳು. ಡಾಕ್ಟ್ರು ಸ್ಟೂಲು ಎಳೆದು ಕೂತರು, ಆದರೆ ಬರೆಯುವ ಪುಸ್ತಕ ತೆರೆಯಲಿಲ್ಲ. ಕೊನೆಗೆ ಅವಳೇ ಹೇಳಿದಳು.

“ಬರ್ಕೊಳ್ಳಿ ಡಾಕ್ಟ್ರೇ. ಏಳನೇ ಪ್ರೆಸ್ಸು. ಬಲಗೈ.”

ಮರುವಾರ ಏಳನೆಯ ಪ್ರೆಸ್ಸಿಗೆ ಜಾಲರಿ ಬಂತು, ಅದೊಂದಕ್ಕೆ ಮಾತ್ರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ; ಇಲ್ಲಿ ಮಿಕ್ಕ ಹನ್ನೊಂದು ಬಾಗಿಲು ತೆರೆದೇ ಇದ್ದವು. ಡಾಕ್ಟ್ರು ತಿಂಗಳಿಗೊಂದು ಪತ್ರ ಬರೆದರು. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಪ್ರತಿ ಸಲವೂ ಬಂತು.

ಅವರು ನಿವೃತ್ತರಾಗುವಾಗ ಐದು ಪ್ರೆಸ್ಸುಗಳಿಗೆ ಜಾಲರಿ ಇತ್ತು. ನಾಲ್ಕಕ್ಕೆ ಬಂದದ್ದು ಯಾರದೋ ಕೈ ಹೋದ ಮೇಲೆ. ಐದನೆಯದನ್ನು ಫಿಟ್ಟರ್ ಯಾರನ್ನೂ ಕೇಳದೆ, ಒಂದು ರಜೆಯ ದಿನ ತಾನೇ ಬಂದು ಕೂರಿಸಿದ್ದ.