ಸಿಪ್ಪೆಯಕ್ಕನ ಮೊದಲ ಗುಟುಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಲಮಾಳಿಗೆಯ ಮೆಟ್ಟಿಲಿಗೆ ಕಾಲಿಡುವ ಮೊದಲೇ ಹುಳಿಯುತ್ತಿರುವ ದ್ರಾಕ್ಷಿಯ ಘಾಟು ಮೂಗಿಗೆ ರಪ್ಪನೆ ಬಡಿಯುತ್ತದೆ. ವೈನ್ ಮಾಡುವುದನ್ನು ನೋಡಲು ಬಂದ ನಾನು ಕರವಸ್ತ್ರ ಹುಡುಕುತ್ತೇನೆ. ಕೆಳಗೆ ಮರದ ತೊಟ್ಟಿಯ ಮೇಲೆ ಅಡ್ಡ ಹಾಕಿದ ಹಲಗೆಯಲ್ಲಿ ನಿಂತ ಹೆಂಗಸಿಗೆ ಮಾತ್ರ ಅದರ ಪರಿವೆಯೇ ಇಲ್ಲ. ಮೇಲೆ ತೇಲಿಬಂದ ಸಿಪ್ಪೆಯ ದಪ್ಪ ಪದರವನ್ನು ಉದ್ದನೆಯ ಕೋಲಿನಿಂದ ರಸದೊಳಗೆ ಒತ್ತಿ ಮುಳುಗಿಸುತ್ತಿದ್ದಾರೆ.

“ಮೇಲೇ ಒಣಗಿದ್ರೆ ಕೆಟ್ಟುಹೋಗುತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮುಳುಗಿಸ್ತಾನೇ ಇರಬೇಕು. ಹಟಮಾರಿ ಮಕ್ಕಳ ಹಾಗೆ, ಕೈ ಬಿಟ್ಟ ತಕ್ಷಣ ಮೇಲೆ ಬರ್ತವೆ” ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಸಿಪ್ಪೆಯಕ್ಕ. ಈಗಿನ ಯಜಮಾನರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಇದೇ ಕೆಲಸ. ಬಲಗೈ ಈಗ ತಲೆಯ ಮೇಲಕ್ಕೆ ಏಳುವುದಿಲ್ಲ, ತಲೆ ಬಾಚಿಕೊಳ್ಳುವುದು ಎಡಗೈಯಲ್ಲಿ. ಬಾಟಲಿಯ ಮೇಲೆ ಯಜಮಾನರ ಅಜ್ಜನ ಮೀಸೆ ಮೆರೆಯುತ್ತದೆ, ಅಕ್ಕನ ಹೆಸರು ಎಲ್ಲೂ ಇಲ್ಲ. ಆದರೆ ಆ ಅಜ್ಜನೇ ಮಾಡಿಟ್ಟ ಪದ್ಧತಿಯೊಂದಿದೆ. ಪೀಪಾಯಿ ತೆರೆದ ದಿನ ಮೊದಲ ಗುಟುಕು ಸಿಪ್ಪೆ ಒತ್ತಿದವರಿಗೆ. ಅವರು ‘ಸರಿ ಇದೆ’ ಎಂದ ಮೇಲೆಯೇ ವೈನು ಬಾಟಲಿಗೆ ಇಳಿಯಬೇಕು.

ಇವತ್ತು ತೆರೆಯುತ್ತಿರುವುದು ಕಳೆದ ಸುಗ್ಗಿಯ ಕಿತ್ತಳೆ ವೈನ್. ಹೆಸರು ಕೇಳಿದ್ದೇ ನಾನು ಕಿತ್ತಳೆ ಬುಟ್ಟಿ ಎಲ್ಲಿದೆ ಎಂದು ಸುತ್ತ ನೋಡಿದ್ದೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಒಂದು ಕಿತ್ತಳೇನೂ ಇಲ್ಲ ಸಾರ್! ಬಿಳಿ ದ್ರಾಕ್ಷಿ. ಎಲ್ರೂ ಸಿಪ್ಪೆ ತೆಗೆದು ಬರೀ ರಸ ಇಡ್ತಾರೆ, ನಾವು ಸಿಪ್ಪೆ ಬೀಜದ ಸಮೇತ ಇಟ್ವಿ. ಬಣ್ಣ ಅದರಿಂದ ಬಂದಿದ್ದು.” ಏನನ್ನೂ ಬೆರೆಸಿಲ್ಲ, ಸೋಸಿಯೂ ಇಲ್ಲ. ಇದು ಇವರ ಮೊದಲ ಪ್ರಯೋಗ, ಹಾಗಾಗಿ ಒಳಗೊಳಗೇ ಪುಕಪುಕ. ಸೋಸಬೇಕೋ ಬೇಡವೋ ಎಂಬುದನ್ನು ಅಕ್ಕನ ಬಾಯಿಗೆ ಬಿಟ್ಟಿದ್ದಾರೆ.

ಗ್ಲಾಸು ತುಂಬುತ್ತದೆ. ಕಲಕಿದ ಕೆರೆ ನೀರಿನಂಥ ಮಬ್ಬು. ಅಕ್ಕ ಅದನ್ನು ಹಿಡಿದು ಬಾಗಿಲ ಕಡೆ ನೋಡುತ್ತಾರೆ. ಮತ್ತೆ ನೋಡುತ್ತಾರೆ. ಆಮೇಲೆ ಗ್ಲಾಸನ್ನು ಪೀಪಾಯಿಯ ಮೇಲಿಟ್ಟುಬಿಡುತ್ತಾರೆ.

“ಯಜಮಾನ್ರೇ, ನನಗೆ ವಾಸನೆ ಗೊತ್ತಾಗಲ್ಲ. ಆ ಜ್ವರ ಬಂದಿತ್ತಲ್ಲ, ಅವತ್ತಿಂದ. ಎರಡು ವರ್ಷ ಆಯ್ತು.”

ಯಜಮಾನರ ಮುಖದಲ್ಲಿ ರಕ್ತವೇ ಇಲ್ಲ. “ಏನಂದ್ರಿ? ಮತ್ತೆ ಇಷ್ಟೂ ಪೀಪಾಯಿ ಸರಿ ಇದೆ ಅಂದಿದ್ದು?”

“ನನ್ನ ನಾದಿನಿ.”

ನಾದಿನಿ ಮೇಲಿನ ಕೋಣೆಯಲ್ಲಿ ಬಾಟಲಿ ತೊಳೆಯುವವರು. ದಿನಾ ಸಂಜೆ ಮನೆಯಲ್ಲಿ ಅತ್ತಿಗೆಯ ಅಂಗಿಯ ತೋಳು ಮೂಸಿ, ಯಾವ ತೊಟ್ಟಿ ಹೇಗಿದೆ ಎಂದು ಹೇಳುತ್ತಾರಂತೆ. ಪೀಪಾಯಿ ತೆರೆಯುವ ದಿನ ಗ್ಲಾಸು ತಂದುಕೊಡುವ ನೆಪದಲ್ಲಿ ಕೆಳಗಿಳಿಯುತ್ತಾರೆ. “ಚೆನ್ನಾಗಿದ್ರೆ ಸುಮ್ನೆ ಇರ್ತಾಳೆ, ಕೆಟ್ಟಿದ್ರೆ ಕೆಮ್ಮುತಾಳೆ. ಇವತ್ತು ಮಗಳ ಹೆರಿಗೆ ಅಂತ ಹೋಗಿದಾಳೆ.”

“ಅಯ್ಯೋ ದೇವರೇ! ಆ ಕೆಮ್ಮಿಗೆ ನಾನು ಔಷಧಿ ಬೇರೆ ಕೊಡಿಸಿದ್ದೆನಲ್ಲ!” ಯಜಮಾನರು ಅಲ್ಲೇ ಇದ್ದ ಬೋರಲು ಬುಟ್ಟಿಯ ಮೇಲೆ ಕುಸಿಯುತ್ತಾರೆ. ನಗಬೇಕೋ ಬೈಯಬೇಕೋ ಅವರಿಗೂ ತಿಳಿಯುತ್ತಿಲ್ಲ, ನನಗೂ ತಿಳಿಯುತ್ತಿಲ್ಲ.

ಇವತ್ತೂ ಸರಿ ಇದೆ ಎಂದುಬಿಡಬಹುದಿತ್ತಲ್ಲ ಎಂದು ಕೇಳುತ್ತೇನೆ. ಅಕ್ಕ ಗ್ಲಾಸಿನ ಕಡೆ ಬೆರಳು ತೋರಿಸುತ್ತಾರೆ. “ಮೂಗಿಲ್ಲದೋಳಿಗೆ ಇಲ್ಲೇನು ಕೆಲಸ ಅಂತ ಮನೆಗೆ ಕಳಿಸಿಬಿಡ್ತಾರೆ ಅನ್ನೋ ಹೆದರಿಕೆಗೆ ಮುಚ್ಚಿಟ್ಟೆ. ಆದ್ರೆ ಇಷ್ಟು ದಿನ ಹೇಳಿದ್ದು ನಾದಿನಿ ಕಂಡ ನಿಜ. ಇವತ್ತು ಹೇಳಿದ್ರೆ ಶುದ್ಧ ಸುಳ್ಳು.”

ಯಜಮಾನರು ಎದ್ದು ಗ್ಲಾಸನ್ನು ಅಕ್ಕನ ಕೈಗೇ ಕೊಡುತ್ತಾರೆ. “ಅಜ್ಜನ ಮಾತು ಮೀರೋ ಹಾಗಿಲ್ಲ. ಮೊದಲು ನೀವು ಕುಡೀರಿ, ಮಿಕ್ಕಿದ್ದು ಆಮೇಲೆ.”

ಅಕ್ಕ ಒಲ್ಲದ ಮನಸ್ಸಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಾರೆ. ಮರುಕ್ಷಣ ಬೆಚ್ಚಿಬಿದ್ದು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಾವಿಬ್ಬರೂ ಗಾಬರಿಯಿಂದ ಮುಂದೆ ಬರುತ್ತೇವೆ.

“ಹಿಡ್ಕೊಳ್ತಾ ಇದೆ!”

“ಏನು? ಎಲ್ಲಿ?”

“ನಾಲಿಗೇನ! ಒಗರು, ಒಗರು... ಹಸೀ ಬಾಳೆಕಾಯಿ ಕಚ್ಚಿದ ಹಾಗೆ. ಅವತ್ತಿಂದ ಏನು ಕುಡಿದ್ರೂ ಬರೀ ಹುಳಿ ನೀರು. ಇದು ಬಾಯಲ್ಲಿ ಇದೆ ಅಂತ ಗೊತ್ತಾಗ್ತಾ ಇದೆ ಯಜಮಾನ್ರೇ!” ಕಣ್ಣೀರು ಧಾರಾಕಾರ.

ನಂತರ ನಾನೂ ಕುಡಿಯುತ್ತೇನೆ. ಸಿಹಿಗೆ ಕಾಯುತ್ತಿದ್ದ ನಾಲಿಗೆಗೆ ಕಪಾಳಮೋಕ್ಷ! ಮೂಗಿಗೆ ಜೇನು, ಬಾಯಿಗೆ ಕಡು ಚಹಾ. ಅದರ ಹಿಂದೆ ಬಾಡಿದ ಸೇಬಿನ ಸಿಪ್ಪೆ, ಕೊನೆಗೆ ಹಲ್ಲಿಗಂಟುವ ನುಣ್ಣನೆಯ ಗಸಿ. ವೈನು ಹೀಗೂ ಇರಬಹುದೆಂದು ಯಾರೂ ಹೇಳಿರಲಿಲ್ಲ. ಆ ಒಗರು ಸಿಪ್ಪೆಯದು, ಅಕ್ಕ ದಿನಾ ಒತ್ತಿ ಮುಳುಗಿಸಿದ ಸಿಪ್ಪೆಯದು.

ಯಜಮಾನರೂ ಕುಡಿದು ತಲೆಯಾಡಿಸುತ್ತಾರೆ. “ಕೆಟ್ಟಿಲ್ಲ. ನಾದಿನಿ ಬಂದ್ಮೇಲೆ ಇಬ್ಬರೂ ಇಲ್ಲೇ ಇರಿ. ಅವಳಿಗೆ ಹೇಳಿ, ಕೆಮ್ಮೋದು ಬೇಡ, ಬಾಯಿಬಿಟ್ಟು ಹೇಳಲಿ.” ಗ್ಲಾಸನ್ನು ಬಲ್ಬಿಗೆ ಹಿಡಿದು ಮತ್ತೆ ಅನುಮಾನಿಸುತ್ತಾರೆ. “ಆದ್ರೂ ಒಂಚೂರು ಸೋಸಿದ್ರೆ ನೋಡೋಕೆ ಚೆನ್ನಾಗಿರುತ್ತೇನೋ...”

ಅಕ್ಕ ಪೀಪಾಯಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

“ಬೇಡ ಯಜಮಾನ್ರೇ, ಸೋಸಿದ್ರೆ ಆ ಹಿಡಿತ ಹೋದೀತು. ಉಳಿದಿದ್ದೆಲ್ಲಾ ಸೋಸ್ಕೊಳ್ಳಿ. ಇದೊಂದನ್ನ ಹೀಗೇ ಬಿಡಿ. ನನಗೆ ಗೊತ್ತಾಗೋದು ಇದೊಂದೇ.”